ಸ್ಥಿತಿಶಾಸ್ತ್ರ ಸುಲಭವೆಂಬ ಮತದ ಖಂಡನೆ

ಮೆಕ್ಯಾನಿಕಲ್ ಇಂಜಿನಿಯರಿಂಗನ್ನು ಕಲಿಯಹೊರಟ ತರುಣನಿಗೆ ಮೊದಲ ವರ್ಷದಲ್ಲಿಯೇ ಎದುರಾಗುವ ಶಾಸ್ತ್ರಗಳಲ್ಲಿ ಸ್ಥಿತಿಶಾಸ್ತ್ರವು ಒಂದು. ಚಲಿಸದೆ ನಿಂತಿರುವ ವಸ್ತುವಿನ ಮೇಲೆ ಯಾವ ಯಾವ ಬಲಗಳು ವರ್ತಿಸುತ್ತಿವೆ, ಅವು ಪರಸ್ಪರ ಹೇಗೆ ಸರಿದೂಗಿ ಆ ವಸ್ತುವನ್ನು ನಿಲ್ಲಿಸಿವೆ ಎಂಬ ವಿಚಾರವೇ ಅದರ ವಿಷಯ. ಈ ಶಾಸ್ತ್ರವನ್ನು ಕುರಿತು ನಮ್ಮ ಕಾಲೇಜುಗಳಲ್ಲಿಯೂ ಹಾಸ್ಟೆಲುಗಳಲ್ಲಿಯೂ, ಉದ್ಯೋಗದಲ್ಲಿ ನೆಲೆನಿಂತ ಹಿರಿಯರ ಮಾತುಕತೆಯಲ್ಲಿಯೂ ಬೇರುಬಿಟ್ಟಿರುವ ಒಂದು ಅಭಿಪ್ರಾಯವುಂಟು. ಅದು ಇಷ್ಟು: ಇದೊಂದು ಸಣ್ಣ ಪೇಪರು, ಮೂರು ಸಮೀಕರಣಗಳು, ಬೆರಳೆಣಿಕೆಯ ಸೂತ್ರಗಳು, ವರ್ಷವರ್ಷವೂ ಅಂಕಿ ಬದಲಿಸಿಕೊಂಡು ಬರುವ ಹತ್ತೆಂಟು ಮಾದರಿಯ ಲೆಕ್ಕಗಳು, ಇಷ್ಟನ್ನು ಪರೀಕ್ಷೆಯ ಹಿಂದಿನ ವಾರದಲ್ಲಿ ಕೈಗೆ ರೂಢಿಮಾಡಿಕೊಂಡರೆ ಕೆಲಸ ಮುಗಿಯಿತು, ನಿಜವಾದ ಇಂಜಿನಿಯರಿಂಗು ಇರುವುದು ಮುಂದಿನ ವರ್ಷಗಳಲ್ಲಿ, ಬಲಗಳ ಲೆಕ್ಕವನ್ನಂತೂ ಇನ್ನು ಮೇಲೆ ಮನುಷ್ಯನು ಮಾಡಬೇಕಾದುದೇ ಇಲ್ಲ, ಕಂಪ್ಯೂಟರು ಮಾಡುತ್ತದೆ. ಈ ಅಭಿಪ್ರಾಯವು ಅಸತ್ಯವೂ ಅಪಾಯಕರವೂ ಆದುದೆಂದು ತೋರಿಸುವುದೇ ಈ ಲೇಖನದ ಉದ್ದೇಶ.

ವಾದದ ನ್ಯಾಯವೆಂದರೆ, ಪೂರ್ವಪಕ್ಷವನ್ನು ಮೊದಲು ಅದರ ಪೂರ್ಣಬಲದೊಡನೆ ನಿಲ್ಲಿಸತಕ್ಕದ್ದು. ಪೂರ್ವಪಕ್ಷಿಗಳ ಮಾತು ಮೂರು ಬಗೆಯದು. ಸ್ಥಿತಿಶಾಸ್ತ್ರದಲ್ಲಿ ಕಲಿಯಬೇಕಾದುದು ಸ್ವಲ್ಪವೇ. ಬಲಗಳ ಮೊತ್ತ ಸೊನ್ನೆ, ಭ್ರಾಮಕಗಳ, ಎಂದರೆ ತಿರುಗಿಸುವ ಪರಿಣಾಮಗಳ, ಮೊತ್ತ ಸೊನ್ನೆ ಎಂಬೆರಡು ವಾಕ್ಯಗಳ ಆಚೆಗೆ ಅದರಲ್ಲಿ ಹೊಸ ತತ್ತ್ವವಿಲ್ಲ, ಹೈಸ್ಕೂಲಿನ ಬೀಜಗಣಿತ ಬಲ್ಲವನು ಅದನ್ನು ಬಿಡಿಸಬಲ್ಲನು ಎಂಬುದು ಮೊದಲನೆಯದು. ನಿಂತ ವಸ್ತುಗಳ ಶಾಸ್ತ್ರವು ಸೇತುವೆ ಕಟ್ಟುವವರಿಗೂ ಮನೆ ಕಟ್ಟುವವರಿಗೂ ಬೇಕಾದುದೇ ಹೊರತು, ಓಡುವ ಯಂತ್ರಗಳನ್ನು ನಿರ್ಮಿಸುವವನಿಗೆ ಅದು ದೂರದ ನೆಂಟಸ್ತನ ಎಂಬುದು ಎರಡನೆಯದು; ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ಬಹುಕಾಲ ಈ ವಿಷಯವು 'ಎಲಿಮೆಂಟ್ಸ್ ಆಫ್ ಸಿವಿಲ್ ಇಂಜಿನಿಯರಿಂಗ್' ಎಂಬುದರ ಜೊತೆಗೇ ಒಂದೇ ಪತ್ರಿಕೆಯಾಗಿ ಬರುತ್ತಿದ್ದುದರಿಂದ, ಯಂತ್ರಶಾಖೆಯ ಹುಡುಗರು ಅದನ್ನು ಪರರ ಮನೆಯ ಕೂಸೆಂದು ಭಾವಿಸಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಮೂರನೆಯದು, ಇಂದಿನ ಸಾಫ್ಟ್‌ವೇರುಗಳು ಸಾವಿರಾರು ಅವಯವಗಳ ರಚನೆಯನ್ನು ಕ್ಷಣಮಾತ್ರದಲ್ಲಿ ಬಿಡಿಸಿ ಬಣ್ಣಬಣ್ಣದ ಚಿತ್ರವಾಗಿ ತೋರಿಸುತ್ತಿರುವಾಗ, ಕಾಗದದ ಮೇಲೆ ಬಾಣದ ಗುರುತುಗಳನ್ನೆಳೆಯುತ್ತ ಕೂರುವುದು ಕಾಲಹರಣವೆಂಬ ಮಾತು. ಮೂರಕ್ಕೂ ಕ್ರಮವಾಗಿ ಉತ್ತರ ಹೇಳುತ್ತೇನೆ.

ಮೊದಲ ಮಾತಿನಲ್ಲಿ ಒಂದು ಅರ್ಧಸತ್ಯವಿದೆ, ಅದನ್ನು ಒಪ್ಪಿಕೊಳ್ಳೋಣ. ಸಮೀಕರಣಗಳು ಸುಲಭವಾದುವೇ ಸರಿ. ಆದರೆ ಸಮೀಕರಣವನ್ನು ಬರೆಯುವ ಹೊತ್ತಿಗೆ ಸ್ಥಿತಿಶಾಸ್ತ್ರದ ಕಷ್ಟವೆಲ್ಲ ಮುಗಿದುಹೋಗಿರುತ್ತದೆ. ಪರಸ್ಪರ ತಾಗಿ, ಒರಗಿ, ತೂಗಿ, ಕಚ್ಚಿಕೊಂಡು ನಿಂತಿರುವ ವಸ್ತುಗಳ ಗೊಂದಲದಲ್ಲಿ ಯಾವುದೊಂದನ್ನು ಮನಸ್ಸಿನಿಂದ ಕತ್ತರಿಸಿ ಬೇರೆ ಮಾಡಬೇಕು, ಹಾಗೆ ಬೇರೆ ಮಾಡಿದಾಗ ಕತ್ತರಿಸಿದ ಒಂದೊಂದು ಎಡೆಯಲ್ಲಿಯೂ ನೆರೆಯ ವಸ್ತುವಿನಿಂದ ಯಾವ ದಿಕ್ಕಿನ ಯಾವ ಬಗೆಯ ಬಲವು ಅದಕ್ಕೆ ಬರಬಲ್ಲದು, ಯಾವುದು ಬರಲಾರದು ಎಂದು ನಿರ್ಣಯಿಸುವುದೇ ಈ ಶಾಸ್ತ್ರದ ಹೃದಯ. ಈ ನಿರ್ಣಯವನ್ನು ಬರೆದು ತೋರಿಸುವ ಚಿತ್ರವನ್ನು ತರಗತಿಯಲ್ಲಿ ಫ್ರೀ ಬಾಡಿ ಡಯಾಗ್ರಮ್, ಎಂದರೆ ಬಿಡಿಚಿತ್ರ, ಎನ್ನುತ್ತಾರೆ. ಹಗ್ಗವು ಎಳೆಯಬಲ್ಲದು, ತಳ್ಳಲಾರದು. ನುಣುಪಾದ ನೆಲವು ತನಗೆ ಲಂಬವಾಗಿ ಮಾತ್ರ ಒತ್ತಬಲ್ಲದು. ಒರಟು ನೆಲವು ಜಾರುವಿಕೆಯನ್ನು ತಡೆಯಬಲ್ಲದಾದರೂ ಒಂದು ಮಿತಿಯವರೆಗೆ ಮಾತ್ರ. ಗೋಡೆಯಲ್ಲಿ ನೆಟ್ಟ ತೊಲೆಗೆ ಗೋಡೆಯು ಬಲವನ್ನಷ್ಟೇ ಅಲ್ಲದೆ ತಿರುಚನ್ನೂ ಕೊಡಬಲ್ಲದು. ಇವುಗಳಲ್ಲಿ ಯಾವೊಂದೂ ಸಮೀಕರಣದಿಂದ ಹುಟ್ಟುವುದಿಲ್ಲ. ಸಮೀಕರಣವು ತನಗೆ ಕೊಟ್ಟ ಬಲಗಳನ್ನು ಕೂಡಿಸುತ್ತದೆ. ಕೊಡದೆ ಬಿಟ್ಟ ಬಲವನ್ನು ಅದು ಕೇಳುವುದಿಲ್ಲ.

ಈ ನಿರ್ಣಯವು ಎಷ್ಟು ದುಷ್ಕರವೆಂಬುದಕ್ಕೆ ಇತಿಹಾಸದಿಂದಲೇ ಸಾಕ್ಷ್ಯವನ್ನು ತರಬಹುದು. ಆಧುನಿಕ ವಿಜ್ಞಾನದ ಮೂಲಪುರುಷರಲ್ಲಿ ಒಬ್ಬನೆಂದು ಲೋಕವು ಗೌರವಿಸುವ ಗೆಲಿಲಿಯೋ, 1638ರಲ್ಲಿ ಪ್ರಕಟವಾದ ತನ್ನ ಎರಡು ನೂತನ ವಿಜ್ಞಾನಗಳ ಸಂವಾದಗ್ರಂಥದಲ್ಲಿ, ಒಂದು ತುದಿಯನ್ನು ಗೋಡೆಯಲ್ಲಿ ನೆಟ್ಟು ಇನ್ನೊಂದು ತುದಿಗೆ ಭಾರವನ್ನು ತೂಗುಬಿಟ್ಟ ತೊಲೆಯು ಎಷ್ಟು ಭಾರಕ್ಕೆ ಮುರಿದೀತೆಂಬ ಪ್ರಶ್ನೆಯನ್ನು ಎತ್ತಿಕೊಂಡನು. ತೊಲೆಯು ಗೋಡೆಯ ಬಳಿಯ ತನ್ನ ಕೆಳಅಂಚನ್ನೇ ಆನಿಕೆಯಾಗಿ ಮಾಡಿಕೊಂಡು ತಿರುಗಿ ಮುರಿಯುವುದೆಂದೂ, ಅಲ್ಲಿಯ ಛೇದದ ಉದ್ದಕ್ಕೂ ಮರವು ಸಮನಾದ ಎಳೆತದಿಂದಲೇ ಪ್ರತಿಭಟಿಸುವುದೆಂದೂ ಅವನು ಕಲ್ಪಿಸಿದನು. ಛೇದದ ಕೆಳಭಾಗವು ಎಳೆಯಲ್ಪಡುವ ಬದಲು ಒತ್ತಲ್ಪಡುತ್ತಿರುವುದೆಂಬುದನ್ನೂ, ಮೇಲಿನ ಎಳೆತವೆಲ್ಲ ಕೆಳಗಿನ ಒತ್ತಿನಿಂದ ಸರಿದೂಗಬೇಕೆಂಬುದನ್ನೂ ಅವನ ಚಿತ್ರವು ಲೆಕ್ಕಕ್ಕೆ ಹಿಡಿಯಲಿಲ್ಲ. ಅದರ ಫಲವಾಗಿ ಅವನು ತೊಲೆಗೆ ಆರೋಪಿಸಿದ ಬಲವು ಇಂದಿನ ಸ್ಥಿತಿಸ್ಥಾಪಕ ಸಿದ್ಧಾಂತವು ಕೊಡುವುದರ ಮೂರು ಪಟ್ಟಾಯಿತು. ಫ್ರಾನ್ಸಿನ ಪಾರಾಂ 1713ರಲ್ಲಿ ಈ ದೋಷವನ್ನು ತಿದ್ದಿದರೂ ಅದು ಯಾರ ಗಮನಕ್ಕೂ ಹೆಚ್ಚಾಗಿ ಬೀಳಲಿಲ್ಲ. 1773ರಲ್ಲಿ ಕೂಲಂಬನು ಛೇದದ ಮೇಲಿನ ಅಡ್ಡಬಲಗಳ ಮೊತ್ತ ಸೊನ್ನೆಯಾಗಬೇಕೆಂಬ ಸಾಮಾನ್ಯ ನಿಯಮವನ್ನು ಪ್ರಯೋಗಿಸಿದ ಮೇಲೆ ವಿಷಯವು ತಿಳಿಯಾಯಿತು. ಗೆಲಿಲಿಯೋವಿನಿಂದ ಕೂಲಂಬನವರೆಗೆ 135 ವರ್ಷಗಳು. ಇಂಥ ಬುದ್ಧಿಶಾಲಿಗಳಿಗೆ ಇಷ್ಟು ಕಾಲ ಕೈಗೂಡದಿದ್ದ ವಿವೇಕವನ್ನು ಪರೀಕ್ಷೆಯ ಹಿಂದಿನ ವಾರದಲ್ಲಿ ಸಂಪಾದಿಸಬಹುದೆಂದು ಹೇಳುವವರು, ತಾವು ಯಾವುದನ್ನು ಸಂಪಾದಿಸಿದೆವೆಂಬುದನ್ನು ಒಮ್ಮೆ ಪರಾಮರ್ಶಿಸಿಕೊಳ್ಳುವುದು ಒಳ್ಳೆಯದು.

ನಮ್ಮ ಮೀಮಾಂಸಕರು ಅನುಪಲಬ್ಧಿಯೆಂಬ ಪ್ರಮಾಣವನ್ನು ವಿವರಿಸುವಾಗ ಒಂದು ಸೂಕ್ಷ್ಮವಾದ ನಿಬಂಧನೆಯನ್ನು ಹೇಳುತ್ತಾರೆ: ವಸ್ತುವು ಕಾಣಲಿಲ್ಲವೆಂಬ ಮಾತ್ರಕ್ಕೆ ಅದು ಇಲ್ಲವೆಂದು ಸಿದ್ಧವಾಗದು; ಇದ್ದಿದ್ದರೆ ಕಾಣಿಸಿಕೊಳ್ಳಲೇಬೇಕಾಗಿದ್ದ ವಸ್ತುವು ಕಾಣದಿದ್ದಾಗ ಮಾತ್ರ ಅದರ ಅಭಾವವು ಸಿದ್ಧವಾಗುತ್ತದೆ. ಬಲಗಳು ಕಣ್ಣಿಗೆ ಕಾಣುವ ಪದಾರ್ಥಗಳಲ್ಲ. ಆದುದರಿಂದ ಕಾಣಲಿಲ್ಲವೆಂದು ಬಲವೊಂದನ್ನು ಚಿತ್ರದಿಂದ ಬಿಡುವ ಅಧಿಕಾರವು ನಮಗಿಲ್ಲ. ಅಣೆಕಟ್ಟಿನ ನಿದರ್ಶನವನ್ನೇ ತೆಗೆದುಕೊಳ್ಳಿ. ಮಳೆಗಾಲ ಬಂತೆಂದರೆ ಕೃಷ್ಣರಾಜಸಾಗರದ ನೀರಿನ ಮಟ್ಟವನ್ನು ನಮ್ಮ ಪತ್ರಿಕೆಗಳು ದಿನದಿನವೂ ಅಚ್ಚುಮಾಡುತ್ತವೆ. ಗರಿಷ್ಠ ಮಟ್ಟವು 124.80 ಅಡಿಯೆಂಬುದು ಹೊಲದಲ್ಲಿ ದುಡಿಯುವವನಿಗೂ ಬಾಯಿಗೆ ಬರುತ್ತದೆ. ಅಷ್ಟು ಆಳದ ನೀರು, ಎಂದರೆ ಸುಮಾರು 38 ಮೀಟರು, ಕಟ್ಟೆಯ ಒಂದೊಂದು ಮೀಟರ್ ಉದ್ದವನ್ನೂ ಏಳುನೂರು ಟನ್ನಿಗೂ ಮಿಕ್ಕ ಬಲದಿಂದ ತಳ್ಳುತ್ತದೆ. ಆ ಬಲದ ಒಟ್ಟು ಕ್ರಿಯೆಯು ತಳದಿಂದ ಮೂರನೆಯ ಒಂದು ಭಾಗದ ಎತ್ತರದಲ್ಲಿರುತ್ತದೆ. ಜಲಾಶಯವು ಹಿಂದಕ್ಕೆ ಎಷ್ಟು ಮೈಲಿ ಹರಡಿದ್ದರೂ ಈ ಲೆಕ್ಕ ಬದಲಾಗದು. 1911ರಲ್ಲಿ ಕೆಲಸ ಆರಂಭವಾದ, ಸುಣ್ಣಸುರ್ಕಿಯ ಗಾರೆಯಿಂದ ಕಟ್ಟಿದ ಆ ಕಲ್ಲಿನ ಗೋಡೆಯು ತನ್ನ ಸ್ವಂತ ತೂಕವೊಂದರಿಂದಲೇ ಅದನ್ನು ಎದುರಿಸಿ ನಿಂತಿದೆ.

ನೀರಿನ ತಳ್ಳುವಿಕೆ, ಕಲ್ಲಿನ ತೂಕ, ನೆಲದ ಪ್ರತಿಕ್ರಿಯೆ, ಈ ಮೂರೂ ಯಾರಿಗಾದರೂ ಹೊಳೆಯತಕ್ಕವು. ಆದರೆ ಕಟ್ಟೆಯ ಸಂದುಗಳಲ್ಲಿಯೂ ಬುಡದಲ್ಲಿಯೂ ನುಸುಳಿದ ನೀರು ಮೇಲಿನ ಕಲ್ಲನ್ನು ಎತ್ತಿಹಿಡಿಯುತ್ತದೆ, ಎಂದರೆ ಯಾವ ತೂಕವನ್ನು ನಂಬಿ ಕಟ್ಟೆಯು ನಿಂತಿದೆಯೋ ಆ ತೂಕದಲ್ಲಿಯೇ ಒಂದು ಪಾಲನ್ನು ಕಳೆದುಬಿಡುತ್ತದೆ ಎಂಬುದು ಹೊರನೋಟಕ್ಕೆ ತೋರದ ಸಂಗತಿ. ಫ್ರಾನ್ಸಿನ ಎಪಿನಾಲ್ ಪಟ್ಟಣದ ಸಮೀಪದಲ್ಲಿದ್ದ ಬೂಝೇ ಅಣೆಕಟ್ಟನ್ನು ವಿನ್ಯಾಸಗೊಳಿಸಿದವರು ಈ ಎತ್ತುಬಲವನ್ನು ಚಿತ್ರದಲ್ಲಿ ಬರೆಯಲಿಲ್ಲ. 1884ರಲ್ಲಿ ಅದರ ಒಂದು ಭಾಗವು ಮುಂದಕ್ಕೆ ಸರಿಯಿತು. ದುರಸ್ತಿ ಮಾಡಿ ಮತ್ತೆ ನೀರು ತುಂಬಿಸಿದರು. 1895ರ ಏಪ್ರಿಲ್ 27ರಂದು ಅದರ ಮೇಲ್ಭಾಗವು ಒಡೆದುಹೋಗಿ ಎಂಬತ್ತಕ್ಕೂ ಮಿಕ್ಕ ಜನರು ಸತ್ತರು. ಆ ವಿನ್ಯಾಸಕಾರರ ಬೀಜಗಣಿತದಲ್ಲಿ ತಪ್ಪಿರಲಿಲ್ಲ. ಅವರು ಬರೆದ ಬಲಗಳೆಲ್ಲ ಒಂದನ್ನೊಂದು ಸರಿದೂಗಿಸಿಕೊಂಡಿದ್ದವು. ಬರೆಯದೆ ಬಿಟ್ಟ ಬಲವೊಂದು ಕಟ್ಟೆಯನ್ನು ಕೆಡವಿತು. ಸ್ಥಿತಿಶಾಸ್ತ್ರದಲ್ಲಿ ಸುಲಭವಾದ ಭಾಗವೆಂದು ಪೂರ್ವಪಕ್ಷಿಗಳು ತೋರಿಸುವುದು ಯಾವ ಭಾಗವನ್ನು, ಜನರನ್ನು ಕೊಂದುದು ಯಾವ ಭಾಗ ಎಂಬುದು ಇಲ್ಲಿ ಸ್ಪಷ್ಟವಾಯಿತಷ್ಟೆ.

ಇದೆಲ್ಲ ಕಲ್ಲುಗಾರೆಯ ಕಥೆ, ನಮಗೇಕೆ ಎಂದು ಯಂತ್ರಶಾಖೆಯವರು ಕೇಳುವರು. ಅದೇ ಅವರ ಎರಡನೆಯ ಮಾತು. ಅವರನ್ನು ಯಾವುದಾದರೊಂದು ಹಿಟ್ಟಿನ ಗಿರಣಿಗೆ ಕರೆದೊಯ್ಯಬಯಸುತ್ತೇನೆ. ಅಲ್ಲಿ ಎರಡು ಪ್ಲಮ್ಮರ್ ಬ್ಲಾಕುಗಳ, ಎಂದರೆ ಬೇರಿಂಗು ಕೂಡಿಸಿದ ಪೀಠಗಳ, ಮೇಲೆ ಅಡ್ಡಲಾಗಿ ಕೂತ ಒಂದು ಶಾಫ್ಟು. ಬೇರಿಂಗುಗಳ ನಡುವಣ ಅಂತರ 200 ಮಿಲಿಮೀಟರ್. ಒಂದು ಬೇರಿಂಗಿನಿಂದ ಆಚೆಗೆ 100 ಮಿಲಿಮೀಟರ್ ಚಾಚಿಕೊಂಡ ತುದಿಯಲ್ಲಿ ಪುಲ್ಲಿ. ಅದರ ಮೇಲೆ ಬೆಲ್ಟು. ಬೆಲ್ಟಿನ ಬಿಗಿಯಾದ ಮಗ್ಗುಲಲ್ಲಿ 900 ನ್ಯೂಟನ್, ಸಡಿಲವಾದ ಮಗ್ಗುಲಲ್ಲಿ 300 ನ್ಯೂಟನ್ ಎಳೆತವಿದೆಯೆಂದೂ, ಎರಡೂ ಎಳೆತಗಳು ಕೆಳಮುಖವಾಗಿ ಹೆಚ್ಚುಕಡಮೆ ಸಮಾನಾಂತರವಾಗಿವೆಯೆಂದೂ ಇಟ್ಟುಕೊಳ್ಳೋಣ. ಶಾಫ್ಟು ಒಂದೇ ವೇಗದಲ್ಲಿ ತಿರುಗುತ್ತಿರುವವರೆಗೆ ಅದರ ಬಲಗಳ ವಿಚಾರವು ನಿಂತ ವಸ್ತುವಿನ ಬಲಗಳ ವಿಚಾರಕ್ಕಿಂತ ಕೂದಲೆಳೆಯಷ್ಟೂ ಬೇರೆಯಲ್ಲ. ಓಡುವ ಯಂತ್ರಕ್ಕೆ ಸ್ಥಿತಿಶಾಸ್ತ್ರವು ಸಲ್ಲದೆಂಬ ಮಾತು ಇಲ್ಲಿಯೇ ಬಿದ್ದುಹೋಗುತ್ತದೆ.

ಇನ್ನು ಬೇರಿಂಗುಗಳ ಮೇಲಿನ ಹೊರೆಯನ್ನು ಕೇಳಿ. ಸೂತ್ರಗಳನ್ನು ಕಂಠಪಾಠ ಮಾಡಿದವನು, ಶಕ್ತಿಯ ಸಾಗಣೆಯ ಸೂತ್ರದಲ್ಲಿ ಎರಡು ಎಳೆತಗಳ ವ್ಯತ್ಯಾಸವು ಬರುವುದನ್ನು ನೆನಪಿಸಿಕೊಂಡು, ಶಾಫ್ಟನ್ನು ಎಳೆಯುವ ಬಲವು 600 ನ್ಯೂಟನ್ ಎನ್ನುತ್ತಾನೆ. ಬೇರಿಂಗು ಎರಡಿರುವುದರಿಂದ ತಲಾ 300 ಎಂದು ಹಂಚಿಯೂ ಬಿಡುತ್ತಾನೆ. ಪುಲ್ಲಿಯನ್ನು ತಿರುಗಿಸುವುದು ವ್ಯತ್ಯಾಸವೇ ಸರಿ. ಆದರೆ ಶಾಫ್ಟನ್ನು ಕೆಳಕ್ಕೆ ಎಳೆಯುವುದು ಎರಡು ಎಳೆತಗಳ ಮೊತ್ತ, ಎಂದರೆ 1200 ನ್ಯೂಟನ್. ಅದೂ ಬೇರಿಂಗುಗಳ ನಡುವೆ ಇಲ್ಲ, ಆಚೆಗೆ ಚಾಚಿದೆ. ದೂರದ ಬೇರಿಂಗನ್ನು ಕೇಂದ್ರವಾಗಿಟ್ಟುಕೊಂಡು ಭ್ರಾಮಕಗಳನ್ನು ತೂಗಿದರೆ, 1200ನ್ನು 300ರಿಂದ ಗುಣಿಸಿ 200ರಿಂದ ಭಾಗಿಸಬೇಕು. ಹತ್ತಿರದ ಬೇರಿಂಗಿನ ಮೇಲೆ 1800 ನ್ಯೂಟನ್ ಬೀಳುತ್ತದೆ. ಹೊರೆಗಿಂತಲೂ ಹೆಚ್ಚು! ದೂರದ ಬೇರಿಂಗಿನ ಗತಿಯು ಇನ್ನೂ ವಿಚಿತ್ರವಾದುದು: ಅದು ಶಾಫ್ಟನ್ನು ಹೊರುತ್ತಲೇ ಇಲ್ಲ, ಮೇಲಕ್ಕೇಳಲೆಣಿಸುವ ಶಾಫ್ಟಿನ ತುದಿಯನ್ನು 600 ನ್ಯೂಟನ್ ಬಲದಿಂದ ಕೆಳಕ್ಕೆ ಅದುಮಿ ಹಿಡಿದಿರಬೇಕಾಗಿದೆ. ಅದರ ಮುಚ್ಚಳದ ಬೋಲ್ಟು ಸಡಿಲವಾಗಿದ್ದರೆ ತುದಿಯು ಎದ್ದೇಳುತ್ತದೆ. ಒಂದು ಬೇರಿಂಗು ವರ್ಷಕ್ಕೆ ನಾಲ್ಕು ಸಲ ಸವೆಯುವುದನ್ನೂ ಇನ್ನೊಂದು ಗಡಗಡ ಸದ್ದುಮಾಡುವುದನ್ನೂ ನೋಡಿ, ಗ್ರೀಸು ಸರಿಯಿಲ್ಲ, ಮಾಲು ಖೋಟಾ ಎಂದು ಅಂಗಡಿಯವನನ್ನು ಬೈಯುವ ಮಾಲೀಕನಿಗೆ ಏನೂ ಹೇಳಲಾಗದೆ ನಿಲ್ಲುವ ಪದವೀಧರನು, ವಿನ್ಯಾಸದ ದಪ್ಪ ಗ್ರಂಥಗಳನ್ನೂ ಬೇರಿಂಗಿನ ಆಯುಷ್ಯದ ಸೂತ್ರಗಳನ್ನೂ ಓದಿರಬಹುದು. ಆ ಸೂತ್ರಗಳಿಗೆ ಹಾಕಬೇಕಾದ ಹೊರೆಯೇ ತಪ್ಪಾಗಿರುವಾಗ ಆಯುಷ್ಯದ ಲೆಕ್ಕವು ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದ ಹಾಗೆ.

ಈ ವಿವೇಕದ ಅಭಾವವು ಗಿರಣಿಯ ಬೇರಿಂಗಿನಲ್ಲಿ ನಿಂತರೆ ಹಾನಿಯು ಅಲ್ಪ. ಅಮೆರಿಕದ ಕ್ಯಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ 1981ರ ಜುಲೈ 17ರ ಸಂಜೆ ನಡೆದುದನ್ನು ಇಂಜಿನಿಯರಿಂಗಿನ ವಿದ್ಯಾರ್ಥಿಗಳೆಲ್ಲರೂ ಒಮ್ಮೆಯಾದರೂ ಕೈಯಾರೆ ಚಿತ್ರಿಸಿ ನೋಡತಕ್ಕದ್ದು. ಆ ಹೋಟೆಲಿನ ವಿಶಾಲವಾದ ಹಜಾರದಲ್ಲಿ ಎರಡನೆಯ ಮತ್ತು ನಾಲ್ಕನೆಯ ಮಹಡಿಗಳ ಕಾಲುಸೇತುವೆಗಳನ್ನು ಒಂದರ ಕೆಳಗೊಂದು ಬರುವಂತೆ ಛಾವಣಿಯಿಂದ ಉಕ್ಕಿನ ಸಲಾಕೆಗಳ ಮೂಲಕ ತೂಗುಹಾಕಿದ್ದರು. ಮೂಲ ಯೋಜನೆಯಲ್ಲಿ ಒಂದೊಂದು ಸಲಾಕೆಯೂ ಛಾವಣಿಯಿಂದ ಹೊರಟು ಮೇಲಿನ ಸೇತುವೆಯ ಅಡ್ಡತೊಲೆಯನ್ನು ತೂರಿಕೊಂಡು ಕೆಳಗಿನ ಸೇತುವೆಯವರೆಗೆ ಅಖಂಡವಾಗಿ ಇಳಿಯಬೇಕಾಗಿತ್ತು. ಅಷ್ಟುದ್ದದ ಸಲಾಕೆಗೆ ತಿರುಪಿನ ಮರೆ ಕೊರೆದು ನಟ್ಟನ್ನು ಮೇಲೇರಿಸುವುದು ತೊಡಕೆಂದು ಕಂಡು, ಒಂದರ ಬದಲು ಎರಡು ಸಲಾಕೆಗಳನ್ನಿಟ್ಟರು: ಒಂದು ಛಾವಣಿಯಿಂದ ಮೇಲಿನ ಸೇತುವೆಗೆ, ಇನ್ನೊಂದು, ಅದೇ ಮೇಲಿನ ಸೇತುವೆಯ ತೊಲೆಯಿಂದ ಹೊರಟು ಕೆಳಗಿನ ಸೇತುವೆಗೆ.

ಬದಲಾದುದೇನು? ಸೇತುವೆಗಳು ಎರಡೂ ಅವೇ, ಜನರೂ ಅಷ್ಟೇ, ಛಾವಣಿಯ ಮೇಲೆ ಬೀಳುವ ಒಟ್ಟು ಹೊರೆಯೂ ಅಷ್ಟೇ. ಇಡೀ ರಚನೆಯನ್ನು ಒಂದೇ ವಸ್ತುವೆಂದು ನೋಡುವವನಿಗೆ ಯಾವ ವ್ಯತ್ಯಾಸವೂ ತೋರದು. ಆದರೆ ಮೇಲಿನ ಸೇತುವೆಯ ತೊಲೆಯ ಅಡಿಗೆ ಆನಿಸಿದ ನಟ್ಟನ್ನು ಮಾತ್ರ ಕತ್ತರಿಸಿ ಬೇರೆಮಾಡಿ ನೋಡಿ. ಮೊದಲಿನ ಯೋಜನೆಯಲ್ಲಿ ಆ ನಟ್ಟು ಮೇಲಿನ ಸೇತುವೆಯ ಹೊರೆಯನ್ನಷ್ಟೇ ಹೊರುತ್ತಿತ್ತು, ಕೆಳಗಿನದರ ಹೊರೆ ಸಲಾಕೆಯೊಳಗಿಂದಲೇ ಛಾವಣಿಗೆ ಸೇರಿಬಿಡುತ್ತಿತ್ತು. ಬದಲಾದ ಯೋಜನೆಯಲ್ಲಿ ಕೆಳಗಿನ ಸೇತುವೆಯು ಮೇಲಿನ ಸೇತುವೆಗೇ ಜೋತುಬಿದ್ದಿತು; ಆದಕಾರಣ ಅದೇ ನಟ್ಟು ಎರಡು ಸೇತುವೆಗಳ ಹೊರೆಯನ್ನು ಹೊರಬೇಕಾಯಿತು. ಹೊರೆಯು ಇಮ್ಮಡಿಯಾಯಿತು. ಮೂಲ ಯೋಜನೆಯೇ ನಗರದ ಕಟ್ಟಡ ನಿಯಮವು ಕೇಳುತ್ತಿದ್ದ ಬಲದ ಶೇಕಡ 60ರಷ್ಟನ್ನು ಮಾತ್ರ ಹೊಂದಿತ್ತೆಂದು ಆಮೇಲೆ ತನಿಖೆಯಿಂದ ಹೊರಬಿತ್ತು. ಅದರ ಮೇಲೆ ಈ ಇಮ್ಮಡಿ. ನೃತ್ಯಗೋಷ್ಠಿಗೆಂದು ಜನರು ಕಿಕ್ಕಿರಿದಿದ್ದ ಆ ಸಂಜೆ ನಟ್ಟುಗಳು ಪೆಟ್ಟಿಗೆಯಾಕಾರದ ಆ ಅಡ್ಡತೊಲೆಗಳನ್ನು ಸೀಳಿಕೊಂಡು ಹೊರಬಂದುವು. ಸೇತುವೆಗಳೆರಡೂ ಕುಸಿದು 114 ಜನರು ಸತ್ತರು. ಇದರಲ್ಲಿ ಉನ್ನತ ಗಣಿತವಾವುದು? ಅಗೋಚರವಾದ ತತ್ತ್ವವಾವುದು? ಮೊದಲ ವರ್ಷದ ವಿದ್ಯಾರ್ಥಿಯು ಒಂದು ಕಾಗದ, ಒಂದು ಪೆನ್ಸಿಲು ಹಿಡಿದು ನಾಲ್ಕು ಬಾಣಗಳನ್ನೆಳೆದಿದ್ದರೆ ಕಾಣಿಸಬಹುದಾಗಿದ್ದ ಸಂಗತಿ ಇದು. ಆ ನಾಲ್ಕು ಬಾಣಗಳನ್ನೆಳೆಯುವುದು ತಮ್ಮ ಅಂತಸ್ತಿಗೆ ಕಡಮೆಯೆಂದೋ, ಬೇರೆ ಯಾರೋ ಎಳೆದಿದ್ದಾರೆಂದೋ ಹೊಣೆಗಾರರು ಭಾವಿಸಿದ್ದರ ಫಲ ಇದು.

ಮೂರನೆಯ ಮಾತು ಕಂಪ್ಯೂಟರಿನದು. ಯಂತ್ರಗಣಕವನ್ನು ತೆಗಳುವುದು ನನ್ನ ಉದ್ದೇಶವಲ್ಲ. ಅದು ಮಾಡುವ ಕೆಲಸವನ್ನು ಅದಕ್ಕಿಂತ ಚೆನ್ನಾಗಿ ಮಾಡುವ ಮನುಷ್ಯನು ಹುಟ್ಟಿಲ್ಲ. ಪ್ರಶ್ನೆಯೇನೆಂದರೆ ಅದು ಮಾಡುವ ಕೆಲಸ ಯಾವುದು? ತನ್ನ ಮುಂದಿಟ್ಟ ಚಿತ್ರವನ್ನು ಅದು ಸಮತೋಲಗೊಳಿಸುತ್ತದೆ. ಯಾವ ಭಾಗವು ಯಾವುದಕ್ಕೆ ಹೇಗೆ ಆನಿಕೊಂಡಿದೆ, ಆನಿಕೆಯು ತಳ್ಳುವುದು ಮಾತ್ರವೋ ಎಳೆಯಲೂ ಬಲ್ಲದೋ, ಬೋಲ್ಟು ಹಾಕಿದ ಕೂಡಿಕೆಯು ತಿರುಚನ್ನು ತಡೆಯುವುದೋ ಇಲ್ಲವೋ, ಇವೆಲ್ಲವನ್ನೂ ಅದಕ್ಕೆ ತಿಳಿಸತಕ್ಕವನು ಮನುಷ್ಯ. ಮೇಲೆ ಹೇಳಿದ ಶಾಫ್ಟನ್ನೇ ಸಾಫ್ಟ್‌ವೇರಿಗೆ ಕೊಡಿ. ಎರಡೂ ಬೇರಿಂಗುಗಳನ್ನು ಕದಲದ ಆನಿಕೆಗಳೆಂದು ಗುರುತುಮಾಡಿದರೆ, ದೂರದ ಬೇರಿಂಗಿನ ಎದುರಿಗೆ 600ರ ಹಿಂದೆ ಒಂದು ಋಣಚಿಹ್ನೆಯನ್ನಿಟ್ಟು ಅದು ಸುಮ್ಮನಾಗುತ್ತದೆ. ಮುಚ್ಚಳದ ಬೋಲ್ಟು ಆ ಎಳೆತವನ್ನು ತಾಳಬಲ್ಲದೆ ಎಂದು ಅದು ಕೇಳದು. ಸ್ಥಿತಿಶಾಸ್ತ್ರವನ್ನು ಬಲ್ಲವನಿಗೆ ಆ ಸಣ್ಣ ಅಡ್ಡಗೀಟು ಎಚ್ಚರಿಕೆಯ ಗಂಟೆ. ಅರಿಯದವನಿಗೆ ಅಚ್ಚಿನ ಒಂದು ಗುರುತು.

ನಾರ್ವೆಯವರ ಸ್ಲೈಪ್ನರ್ ಎಂಬ ಸಮುದ್ರವೇದಿಕೆಯ ಕಥೆಯು ಇದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸುತ್ತದೆ. ತೈಲೋದ್ಯಮಕ್ಕಾಗಿ ಕಟ್ಟಿದ ಅದರ ಕಾಂಕ್ರೀಟಿನ ಬುಡವು, ಒಂದಕ್ಕೊಂದು ಅಂಟಿಕೊಂಡ ಟೊಳ್ಳು ಕೋಶಗಳ ಗುಂಪು. ಕೋಶಗಳ ನಡುವಣ ಗೋಡೆಗಳ ಮೇಲೆ ಸಮುದ್ರದ ಒತ್ತಡವು ಹುಟ್ಟಿಸುವ ಕತ್ತರಿಬಲವನ್ನು ಕಂಪ್ಯೂಟರಿನಿಂದ ಲೆಕ್ಕಹಾಕಿಸಿದಾಗ, ಆ ಜಾಗದಲ್ಲಿ ರಚನೆಯನ್ನು ಸಾಕಷ್ಟು ಸಣ್ಣ ಸಣ್ಣ ತುಣುಕುಗಳಾಗಿ ವಿಭಾಗಿಸದೆ ಇದ್ದುದರಿಂದ, ಉತ್ತರವು ವಾಸ್ತವಕ್ಕಿಂತ ಶೇಕಡ 47ರಷ್ಟು ಕಡಮೆ ಬಂತು. ಆ ಉತ್ತರವನ್ನು ನಂಬಿ ಗೋಡೆಯನ್ನು ತೆಳುವಾಗಿ ಕಟ್ಟಿದರು. 1991ರ ಆಗಸ್ಟ್ 23ರಂದು ಸ್ಟಾವಾಂಗರ್ ನಗರದ ಬಳಿಯ ಗಾಂಡ್ಸ್‌ಫ್ಯೋರ್ಡಿನಲ್ಲಿ ಪರೀಕ್ಷಾರ್ಥವಾಗಿ ಅದನ್ನು ಮುಳುಗಿಸುತ್ತಿದ್ದಾಗ, ಸುಮಾರು 65 ಮೀಟರು ಆಳದಲ್ಲಿ ಗೋಡೆಯೊಂದು ಒಡೆದು ಇಡೀ ಬುಡವು ತಳಕಂಡಿತು. ಅನಂತರ ಹೆಚ್ಚಿನ ಎಚ್ಚರದಿಂದ ಮಾಡಿದ ವಿಶ್ಲೇಷಣೆಯು 62 ಮೀಟರು ಆಳದಲ್ಲಿಯೇ ಒಡೆಯಬೇಕಾಗಿತ್ತೆಂದು ಹೇಳಿತು. ಸಮುದ್ರದ ಒತ್ತಡವನ್ನು ಗೋಡೆಯ ಹರವಿನಿಂದ ಗುಣಿಸಿ, ಬಂದುದನ್ನು ಎರಡು ಬದಿಗಳಿಗೆ ಹಂಚಿ ನೋಡುವುದು ಒಂದು ಸಾಲಿನ ಕೈಲೆಕ್ಕ. ಬಲವೆಲ್ಲಿಗೆ ಹೋಯಿತು, ಅದನ್ನು ಹೊತ್ತವರಾರು ಎಂದು ಕೇಳುವ ಅಭ್ಯಾಸವಿದ್ದವನ ಕಣ್ಣಿಗೆ ಆ ವ್ಯತ್ಯಾಸವು ಬೀಳದಿರುತ್ತಿರಲಿಲ್ಲ. ಯಂತ್ರವು ದೊಡ್ಡದಾದಷ್ಟೂ ಅದರ ಉತ್ತರವನ್ನು ಒರೆಗೆ ಹಚ್ಚುವ ಈ ಅಲ್ಪಲೆಕ್ಕದ ಬೆಲೆಯು ಹೆಚ್ಚುತ್ತದೆ. ಕಂಪ್ಯೂಟರು ಬಂದುದರಿಂದ ಸ್ಥಿತಿಶಾಸ್ತ್ರವು ಅನಾವಶ್ಯಕವಾಯಿತೆಂಬುದು ವಿಷಯವನ್ನು ತಲೆಕೆಳಗು ಮಾಡಿ ಹೇಳುವ ಮಾತು.

ಪೂರ್ವಪಕ್ಷಿಗಳ ಬತ್ತಳಿಕೆಯಲ್ಲಿ ಇನ್ನೊಂದು ಬಾಣವಿದೆ, ಅದು ಇವೆಲ್ಲಕ್ಕಿಂತ ಹರಿತವಾದುದು. ವಿದ್ಯಾರ್ಥಿಯ ಕಾಲವು ಮಿತವಾದುದು. ಕಲಿಯಬೇಕಾದುದು ಬೆಳೆಯುತ್ತಲೇ ಇದೆ. ಕ್ರೆಮೋನನ ಬಲಚಿತ್ರಗಳನ್ನು ಡ್ರಾಯಿಂಗ್ ಬೋರ್ಡಿನ ಮೇಲೆ ಎಳೆದು ಟ್ರಸ್ಸಿನ ಪ್ರತಿಯೊಂದು ಕಡ್ಡಿಯ ಬಲವನ್ನೂ ಕೈಯಿಂದ ಕಂಡುಹಿಡಿಯುವ ಉದ್ಯೋಗವು ಇಂದು ಯಾವ ಕಾರ್ಖಾನೆಯಲ್ಲಿಯೂ ಇಲ್ಲ. ಹೀಗಿರಲು ಹಳೆಯ ಶಾಸ್ತ್ರಕ್ಕೆ ಎಷ್ಟು ಹೊತ್ತು ಕೊಡಬೇಕು? ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ನನ್ನ ಉತ್ತರವು ಅವರು ನಿರೀಕ್ಷಿಸದ ಬಗೆಯದು: ಟ್ರಸ್ಸಿನ ಹನ್ನೆರಡು ಕಡ್ಡಿಗಳ ಅಂಕಗಣಿತವನ್ನು ಧಾರಾಳವಾಗಿ ಬಿಟ್ಟುಬಿಡಿ. ಅದು ಶ್ರಮ, ಶ್ರಮವನ್ನು ಯಂತ್ರಕ್ಕೆ ಒಪ್ಪಿಸುವುದರಲ್ಲಿ ಪಾಪವಿಲ್ಲ. ನಾನು ಎತ್ತಿಹಿಡಿಯುವುದು ನಿರ್ಣಯವನ್ನು. ವಿಪರ್ಯಾಸವೆಂದರೆ, ನಮ್ಮ ಪರೀಕ್ಷೆಗಳು ಇವೆರಡರಲ್ಲಿ ಬಿಡಬಹುದಾದುದನ್ನೇ ಉಳಿಸಿಕೊಂಡು, ಉಳಿಸಬೇಕಾದುದನ್ನು ಬಿಟ್ಟಿವೆ. ಪ್ರಶ್ನೆಯಲ್ಲಿಯೇ ಅಚ್ಚುಕಟ್ಟಾದ ಚಿತ್ರ; ಅದರ ಮೇಲೆ ಬಲಗಳೂ ಕೋನಗಳೂ ಆನಿಕೆಗಳೂ ಆಗಲೇ ಗುರುತಿಸಲ್ಪಟ್ಟಿವೆ; ಯಾವುದನ್ನು ವಸ್ತುವೆಂದು ಆರಿಸಬೇಕೆಂಬುದೂ ಪ್ರಶ್ನೆ ಬರೆದವನ ಕೈಯಲ್ಲಿಯೇ ತೀರ್ಮಾನವಾಗಿಬಿಟ್ಟಿದೆ. ವಿದ್ಯಾರ್ಥಿಗೆ ಉಳಿದುದು ಸೈನು, ಕೊಸೈನುಗಳ ಗುಣಾಕಾರ. ಇಂಥ ಹತ್ತು ಪತ್ರಿಕೆಗಳನ್ನು ಬಿಡಿಸಿ ನೂರಕ್ಕೆ ನೂರು ಅಂಕ ಪಡೆದವನು ಸ್ಥಿತಿಶಾಸ್ತ್ರವು ಸುಲಭವೆನ್ನುವುದು ಸಹಜವೇ. ಅವನಿಗೆ ಅದರ ಪರಿಚಯವೇ ಆಗಿಲ್ಲ.

ಹಾಗಾದರೆ ಕಲಿಸಬೇಕಾದ ಬಗೆ ಯಾವುದು? ತರಗತಿಗೆ ಚಿತ್ರವನ್ನು ತರುವುದರ ಬದಲು ವಸ್ತುವನ್ನು ತರಲಿ. ಬೆಂಚ್ ವೈಸನ್ನು ತರಲಿ, ಕಾರಿನ ಜಾಕನ್ನು ತರಲಿ. ಸಾಧ್ಯವಾದರೆ ವಿದ್ಯಾರ್ಥಿಗಳನ್ನು ಊರಿನ ಬೋರ್‌ವೆಲ್ಲಿನ ಬಳಿಗೆ ಕರೆದೊಯ್ಯಲಿ. ಕೈಪಂಪಿನ ಹಿಡಿಕೆಯನ್ನು 150 ನ್ಯೂಟನ್ ಬಲದಿಂದ ಅದುಮಿದಾಗ, ಹಿಡಿಕೆಯ ತೋಳುಗಳ ಪ್ರಮಾಣವು ಎಂಟಕ್ಕೆ ಒಂದಿದ್ದರೆ, ಒಳಗಿನ ಸರಳು 1200 ನ್ಯೂಟನ್ನಿನಿಂದ ಮೇಲಕ್ಕೆಳೆಯಲ್ಪಡುತ್ತದೆಂದು ಎಲ್ಲರೂ ಹೇಳುವರು. ನಡುವಣ ಕೀಲಿನ ಮೇಲೆ ಬೀಳುವುದೆಷ್ಟು ಎಂದು ಕೇಳಿದರೆ ಅರ್ಧ ತರಗತಿಯು ಮೌನವಾಗುತ್ತದೆ. ಎರಡರ ಮೊತ್ತವಾದ 1350 ನ್ಯೂಟನ್ ಅದರ ಮೇಲೆ ಬೀಳುತ್ತದೆ. ಪಂಪಿನಲ್ಲಿ ಮೊದಲು ಸವೆಯುವ ಜಾಗಗಳಲ್ಲಿ ಆ ಕೀಲೂ ಒಂದು. ಪರೀಕ್ಷೆಯಲ್ಲಿ ಅಂಕಿಗಳಿಲ್ಲದ ಪ್ರಶ್ನೆಗಳೂ ಇರಲಿ: ಈ ವಸ್ತುವಿನ ಮೇಲೆ ಎಷ್ಟು ಬಲಗಳಿವೆ, ಒಂದೊಂದನ್ನೂ ಅದಕ್ಕೆ ಕೊಡುತ್ತಿರುವ ನೆರೆಯ ವಸ್ತು ಯಾವುದು, ಯಾವುದನ್ನು ಲೆಕ್ಕದಿಂದ ಬಿಡಬಹುದು, ಬಿಟ್ಟರೆ ಕೆಡುವುದೇನು? ಚಿತ್ರವು ತಪ್ಪಾಗಿದ್ದು ಉತ್ತರವು ಅಕಸ್ಮಾತ್ ಸರಿಯಾಗಿದ್ದರೆ ಸೊನ್ನೆ ಕೊಡಲಿ. ಚಿತ್ರವು ಸರಿಯಾಗಿದ್ದು ಗುಣಾಕಾರದಲ್ಲಿ ಎಡವಿದ್ದರೆ ಪೂರ್ಣಾಂಕಕ್ಕೆ ಸಮೀಪವಾದುದನ್ನು ಕೊಡಲಿ. ಇದು ಕಠೋರವೆಂದು ಕೂಗೆದ್ದೀತು. ಆದರೆ ಲೋಕವು ಅಂಕ ಕೊಡುವ ಕ್ರಮ ಇದೇ.

ಭೌತವಿಜ್ಞಾನಗಳೊಳಗೆ ಗಣಿತದ ಖಚಿತವಾದ ರೂಪವನ್ನು ಅತಿ ಮೊದಲು ಪಡೆದುವುಗಳಲ್ಲಿ ಸ್ಥಿತಿಶಾಸ್ತ್ರವು ಒಂದು. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿಯೇ ಆರ್ಕಿಮಿಡೀಸನು ಸನ್ನೆಗೋಲಿನ ನಿಯಮವನ್ನು ಸಾಧಿಸಿದನು. ಆದರೂ ಒಂದು ಇಳಿಜಾರಿನ ಮೇಲಿನ ಭಾರವು ಎಷ್ಟು ಬಲದಿಂದ ಜಾರಲೆಣಿಸುತ್ತದೆಂಬುದನ್ನು 1586ರಲ್ಲಿ ಸ್ಟೆವಿನನು ಹೊಸ ಯುಕ್ತಿಯಿಂದ ಸಾಧಿಸಬೇಕಾಯಿತು. ವಿರುದ್ಧ ದಿಕ್ಕಿನ ಎರಡು ಸಮಬಲಗಳ ಜೋಡಿಯಾದ ಬಲಯುಗ್ಮದ ಕಲ್ಪನೆಯನ್ನು ಪ್ವಾಂಸೋ ನೆಲೆಗೊಳಿಸಿದುದು 1803ರಲ್ಲಿ. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಮೇಧಾವಿಗಳು ಇದರಲ್ಲಿ ಕಲಿಯುವುದಕ್ಕೆ ಏನಾದರೊಂದನ್ನು ಕಾಣುತ್ತ ಬಂದರು. ಅದನ್ನು ನಾವು ಒಂದು ವಾರಕ್ಕೆ ಇಳಿಸಿದೆವೆಂದರೆ ನಾವು ಅವರಿಗಿಂತ ಚುರುಕಾದೆವೆಂದಲ್ಲ. ಅವರು ಕೇಳುತ್ತಿದ್ದ ಪ್ರಶ್ನೆಯನ್ನು ನಾವು ಕೇಳುವುದನ್ನು ನಿಲ್ಲಿಸಿದ್ದೇವೆ. ಆದಕಾರಣ ಪಠ್ಯಕ್ರಮವನ್ನು ರಚಿಸುವವರಲ್ಲಿಯೂ ಬೋಧಿಸುವವರಲ್ಲಿಯೂ ನನ್ನ ನಿವೇದನೆ ಇಷ್ಟೆ: ಸ್ಥಿತಿಶಾಸ್ತ್ರವನ್ನು ಪ್ರವೇಶದ್ವಾರದ ಕಾವಲಿಗಿಟ್ಟ ಸಣ್ಣ ಪತ್ರಿಕೆಯೆಂದು ನೋಡುವುದನ್ನು ಬಿಟ್ಟು, ಮುಂದಿನ ಪ್ರತಿಯೊಂದು ವರ್ಷದ ವಿನ್ಯಾಸದ ತರಗತಿಯಲ್ಲಿಯೂ ಮೊದಲ ಪುಟದಲ್ಲಿ ಆ ವಸ್ತುವಿನ ಬಿಡಿಚಿತ್ರವನ್ನು ವಿದ್ಯಾರ್ಥಿಯು ತನ್ನ ಕೈಯಿಂದಲೇ ಬರೆದು ರುಜುಹಾಕದೆ ಮುಂದಿನ ಪುಟವನ್ನು ತಿರುವಬಾರದೆಂಬ ನಿಯಮವನ್ನು ಮಾಡಿರಿ. ಬಲಗಳನ್ನು ಎಣಿಸಿ ಹೆಸರಿಸುವ ಹೊಣೆಯನ್ನು ಹೊರದವನ ಕೈಗೆ, ಜನರು ಕಾಲಿಡುವ ಯಾವ ರಚನೆಯನ್ನೂ ಒಪ್ಪಿಸತಕ್ಕದ್ದಲ್ಲ.